ಹಣ್ಣಿನವನು ನನ್ನನ್ನು ಬಾತುಕೋಳಿ ಅಂದ! ಬೆಲೆ ಕೇಳುವ ಇಂಗ್ಲಿಷ್ ಯಾರಾದರೂ ಹೇಳಿಕೊಡಿ

ತುಂಗಾತೀರದವಳು:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಐದು ತಿಂಗಳಾಯಿತು. ಊರು ತೀರ್ಥಹಳ್ಳಿ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಇಂಗ್ಲಿಷ್ ಓದಲು ಬರುತ್ತದೆ, ಬರೆಯಲೂ ಬರುತ್ತದೆ. ಮನೆ ಬಾಡಿಗೆಯ ಕರಾರುಪತ್ರವನ್ನು ನಮ್ಮ ಯಜಮಾನರಿಗಿಂತ ನಾನೇ ಸರಿಯಾಗಿ ಓದಿದ್ದು. ಆದರೆ ಸಂತೆಗೆ ಹೋಗಿ ಹಣ್ಣಿನವನ ಮುಂದೆ ನಿಂತರೆ ಮಾತೇ ಹೊರಡುವುದಿಲ್ಲ.

ಹೋದ ಶನಿವಾರ ಒಬ್ಬಳೇ ಹೋಗಿದ್ದೆ. ಇಲ್ಲಿ ತಕ್ಕಡಿಗಿಂತ ಬೋಗುಣಿ ಲೆಕ್ಕವೇ ಜಾಸ್ತಿ. ಸಾಲಾಗಿ ಬೋಗುಣಿ ಇಟ್ಟು ಒಂದರಲ್ಲಿ ಆರು ಕಿತ್ತಳೆ, ಇನ್ನೊಂದರಲ್ಲಿ ಮೂರು ಮಾವು, ಮತ್ತೊಂದರಲ್ಲಿ ಪ್ಲಮ್ ಹಾಕಿರುತ್ತಾರೆ. ಅಂಗಡಿಯವನು ನಮ್ಮ ಬಸ್ ಸ್ಟ್ಯಾಂಡಿನ ಏಜೆಂಟರ ಹಾಗೆ ಒಂದೇ ರಾಗದಲ್ಲಿ "ಪೌಂಡಬೋಲ್, ಪೌಂಡಬೋಲ್" ಅಂತ ಕೂಗುತ್ತಿದ್ದ. ಅದು ಯಾವುದೋ ಹಣ್ಣಿನ ಹೆಸರು ಅಂದುಕೊಂಡೆ. ನಗಬೇಡಿ.

ಎರಡು ಬೋಗುಣಿ ತೋರಿಸಿ "ಹೌ ಮೆನಿ ರುಪೀಸ್" ಅಂದುಬಿಟ್ಟೆ. ರುಪೀಸ್! ನಾಲಿಗೆ ಕಚ್ಚಿಕೊಂಡೆ. ಅವನು ಒಂದೇ ಉಸಿರಿಗೆ ಏನೋ ಹೇಳಿದ. ನನಗೆ ಕೇಳಿಸಿದ್ದು "ಟುಟುಟು ಮಿಡಕ್". ಇನ್ನೊಮ್ಮೆ ಕೇಳೋಕೆ ನಾಚಿಕೆ. 20 ಪೌಂಡಿನ ನೋಟು ಕೊಟ್ಟೆ, ಅವನು ಕೊಟ್ಟಷ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದೆ. ಪ್ರತಿ ಸಲ ಇದೇ ಕತೆ. ಎಷ್ಟಾಯಿತು ಅಂತ ತಿಳಿಯದೆ ದೊಡ್ಡ ನೋಟು ಕೊಡುವುದು, ಚಿಲ್ಲರೆ ತಂದು ಅಡುಗೆಮನೆ ಕಿಟಕಿಯಲ್ಲಿಟ್ಟ ಹಾರ್ಲಿಕ್ಸ್ ಬಾಟಲಿಗೆ ಸುರಿಯುವುದು. ಈಗ ಬಾಟಲಿ ಕುತ್ತಿಗೆವರೆಗೆ ತುಂಬಿದೆ.

ಮನೆಗೆ ಬಂದು ಹೇಳಿದರೆ ಯಜಮಾನರು ಬಿದ್ದು ಬಿದ್ದು ನಕ್ಕರು. ಅವನು ಅಂದಿದ್ದು "ಮೀ ಡಕ್" ಅಂತೆ. ಡಕ್ ಅಂದರೆ ಬಾತುಕೋಳಿ ಅಲ್ವಾ? ಗೇಲಿ ಮಾಡಿದನಾ?

ವ್ಯಾಕರಣ ಪುಸ್ತಕ ಬೇಡ. ಹಣ್ಣು ಕೊಳ್ಳೋಕೆ, ಬೆಲೆ ಕೇಳೋಕೆ, ಅವರು ಹೇಳಿದ್ದು ತಿಳ್ಕೊಳ್ಳೋಕೆ ಎಷ್ಟು ಬೇಕೋ ಅಷ್ಟು ಹೇಳಿಕೊಡಿ.

ನಾಟಿಂಗ್‌ಹ್ಯಾಮ್ ನಂಜಿ:
ಗೇಲಿ ಅಲ್ಲ ಮಾರಾಯ್ತಿ, ಪ್ರೀತಿ! ಲೆಸ್ಟರ್, ನಾಟಿಂಗ್‌ಹ್ಯಾಮ್, ಡಾರ್ಬಿ ಈ ಕಡೆ ಎಲ್ಲರೂ ಎಲ್ಲರಿಗೂ "ಮೀ ಡಕ್" ಅನ್ನುತ್ತಾರೆ. ನಮ್ಮ ಹೂವಿನವಳು "ಬಾರಕ್ಕಾ" ಅನ್ನುವ ಹಾಗೆ. ನನ್ನ ಗಂಡನಿಗೂ ಅನ್ನುತ್ತಾರೆ, ಆರಡಿ ಎತ್ತರದ ಬಸ್ ಡ್ರೈವರಿಗೂ ಅನ್ನುತ್ತಾರೆ. ಬೇರೆ ಊರಿಗೆ ಹೋದರೆ "ಲವ್" ಅನ್ನುತ್ತಾರೆ. ಅದಕ್ಕೂ ಗಾಬರಿ ಬೀಳಬೇಡಿ.

ನಿಮಗೆ ಕೇಳಿಸಿದ ಟುಟುಟು ಅಂದರೆ "ಟೂ ಪೌಂಡ್ ಫಾರ್ ದ ಟೂ, ಮೀ ಡಕ್". ಎರಡು ಬೋಗುಣಿಗೆ ಎರಡು ಪೌಂಡು. ಪೌಂಡಬೋಲ್ ಅಂದರೆ "ಪೌಂಡ್ ಅ ಬೌಲ್", ಬೋಗುಣಿಗೆ ಒಂದು ಪೌಂಡು.

ಸುಮ್ನೆ ಓದೋನು:
ಪೌಂಡಬೋಲ್ ಹಣ್ಣು ಒಂದು ಕೆಜಿ ನನಗೂ ಕಳಿಸಿ 😂

ನಿವೃತ್ತ ಮೇಷ್ಟ್ರು:
ತಂಗಿ, ನೀವು "ಹೌ ಮೆನಿ" ಅಂದಿದ್ದು ನಿಮ್ಮ ತಪ್ಪಲ್ಲ, ನಮ್ಮ "ಎಷ್ಟು"ವಿನ ತಪ್ಪು. 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ಪ್ರತಿ ವರ್ಷ ಇದೇ ತಪ್ಪು ತಿದ್ದಿದ್ದೇನೆ. ಹಣ್ಣು ಎಷ್ಟಿವೆ, ಹಾಲು ಎಷ್ಟಿದೆ, ಬೆಲೆ ಎಷ್ಟು, ದೂರ ಎಷ್ಟು, ಎಲ್ಲಕ್ಕೂ ನಮ್ಮದು ಒಂದೇ ಮಾತು. ಇಂಗ್ಲಿಷಿನವರಿಗೆ ಎಣಿಸುವುದಕ್ಕೆ ಮೆನಿ, ಅಳೆಯುವುದಕ್ಕೆ ಮಚ್. ರೂಪಾಯಿ ಎಣಿಸುತ್ತೇವಲ್ಲ ಅಂತ ನಮ್ಮ ಮಕ್ಕಳು "ಹೌ ಮೆನಿ ರುಪೀಸ್" ಅನ್ನುತ್ತಾರೆ. ತರ್ಕ ಸರಿಯಾಗಿಯೇ ಇದೆ. ಆದರೆ ಬೆಲೆಗೆ ಯಾವತ್ತೂ "ಹೌ ಮಚ್".

ಒಂದು ಹಣ್ಣಾದರೆ "ಹೌ ಮಚ್ ಇಸ್ ದಿಸ್", ಹಲವಾದರೆ "ಹೌ ಮಚ್ ಆರ್ ದೀಸ್". ದೂರದಲ್ಲಿದ್ದರೆ ದ್ಯಾಟ್, ದೋಸ್. ಇದನ್ನು ಗಟ್ಟಿ ಮಾಡಿಕೊಳ್ಳಿ.

ಈಸ್ಟ್ ಹ್ಯಾಮ್ ಈರಣ್ಣ:
ಮೇಷ್ಟ್ರೇ, ಬೈಯಬೇಡಿ. ಸಂತೆಯಲ್ಲಿ ಇಸ್ಸು ಆರು ಯಾರೂ ನೋಡುವುದಿಲ್ಲ. ನಾನು ಲಂಡನ್ನಿಗೆ ಬಂದು ಎಷ್ಟೋ ವರ್ಷವಾಯಿತು. ಬೆರಳು ತೋರಿಸಿ "ಹೌ ಮಚ್?" ಅಂದರೆ ಮುಗಿಯಿತು. ಅಂಗಡಿಯವನೇ ವ್ಯಾಕರಣ ಬಿಟ್ಟು ಮಾತಾಡುತ್ತಾನೆ. ಟೂ ಪೌಂಡ್ಸ್ ಅನ್ನಬೇಕಾದ ಕಡೆ ಟೂ ಪೌಂಡ್ ಅನ್ನುತ್ತಾನೆ. ಅವನ ಬೋರ್ಡ್ ನೋಡಿ, ಆ್ಯಪಲ್ಸ್ ಅಂತ ಬರೆಯುವಾಗ ಎಸ್ ಅಕ್ಷರಕ್ಕೆ ಮುಂಚೆ ಅಪಾಸ್ಟ್ರಫಿ (') ಅನ್ನುವ ಒಂದು ಬಾಲ ಸೇರಿಸಿರುತ್ತಾನೆ, ಸೇಬಿಗೆ ಸೇರಿದ್ದು ಏನೋ ಇದೆ ಅನ್ನುವ ಹಾಗೆ. ಹಣ್ಣಿನಂಗಡಿಯವರ ಆ ಬಾಲಕ್ಕೆ ಇಲ್ಲಿನವರೇ ಬೇರೆ ಹೆಸರಿಟ್ಟು ನಗುತ್ತಾರೆ.

ನಿವೃತ್ತ ಮೇಷ್ಟ್ರು:
ಅವರು ತಪ್ಪು ಮಾಡಿದರೆ ಊರ ಮಾತು, ನಾವು ಮಾಡಿದರೆ ಇಂಗ್ಲಿಷ್ ಬರಲ್ಲ ಅನ್ನುತ್ತಾರೆ. ಅದಕ್ಕೇ ಹೇಳಿದ್ದು.

ಈಸ್ಟ್ ಹ್ಯಾಮ್ ಈರಣ್ಣ:
ಇದು ಮಾತ್ರ ನಿಜ ಮೇಷ್ಟ್ರೇ. ಒಪ್ಪಿದೆ.

ನ್ಯೂಜೆರ್ಸಿ ನಾಣಿ:
ಅಮೆರಿಕದಲ್ಲಿ ಇಷ್ಟು ಗೋಜಲಿಲ್ಲ. ಹಣ ಡಾಲರು, ತೂಕ ಪೌಂಡು. "ಟೂ ನೈಂಟಿನೈನ್ ಅ ಪೌಂಡ್" ಅಂದರೆ ಒಂದು ಪೌಂಡ್ ತೂಕಕ್ಕೆ 2 ಡಾಲರ್ 99 ಸೆಂಟ್. ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ, ಅರ್ಧ ಕೆಜಿಗೆ ಸ್ವಲ್ಪ ಕಮ್ಮಿ. ನಿಮ್ಮಲ್ಲಿ ಹಣವೂ ಪೌಂಡು, ತೂಕವೂ ಪೌಂಡು. ಪೌಂಡಿಗೆ ಪೌಂಡು! ಯಾರಪ್ಪ ಕಂಡುಹಿಡಿದದ್ದು ಇದನ್ನ?

ತಕ್ಕಡಿ ತಮ್ಮಯ್ಯ:
ಆ ಪೌಂಡಿಗಾಗಿ ಬ್ರಿಟನ್ನಿನಲ್ಲಿ ಕೋರ್ಟಿನಲ್ಲಿ ಜಗಳವೇ ಆಗಿದೆ ನಾಣಿಯವರೇ. 2000ನೇ ಇಸವಿಯಿಂದ ಬಿಡಿ ಹಣ್ಣು ತರಕಾರಿಯನ್ನು ಕೆಜಿ ಲೆಕ್ಕದಲ್ಲೇ ತೂಗಬೇಕು ಅಂತ ಕಾನೂನು ಬಂತು. ಸಂಡರ್‌ಲ್ಯಾಂಡಿನ ಸ್ಟೀವ್ ಥೋಬರ್ನ್ ಅನ್ನುವ ಹಣ್ಣಿನ ವ್ಯಾಪಾರಿ ಬಾಳೆಹಣ್ಣನ್ನು ಪೌಂಡಿನಲ್ಲೇ ತೂಗಿ ಮಾರಿದರು. ಅಧಿಕಾರಿಗಳು ಬಂದು ತಕ್ಕಡಿ ಎತ್ತಿಕೊಂಡು ಹೋದರು. 2001ರಲ್ಲಿ ಶಿಕ್ಷೆ, 2002ರಲ್ಲಿ ಮೇಲ್ಮನವಿಯೂ ಬಿತ್ತು. ಪತ್ರಿಕೆಗಳು ಅವರನ್ನೂ ಅವರಂಥವರನ್ನೂ ಮೆಟ್ರಿಕ್ ಹುತಾತ್ಮರು ಅಂತ ಕರೆದವು. ಒಂದು ಚಿಪ್ಪು ಬಾಳೆಹಣ್ಣಿನಿಂದ ಶುರುವಾದ ಆ ತೀರ್ಪನ್ನು ಅಲ್ಲಿ ಕಾನೂನು ವಿದ್ಯಾರ್ಥಿಗಳು ಈಗಲೂ ಓದುತ್ತಾರೆ.

ಪಕ್ಕದಲ್ಲಿ ಪೌಂಡಿನ ಬೆಲೆ ಬರೆಯಬಹುದು, ಆದರೆ ಕೆಜಿ ಬೆಲೆ ಇರಲೇಬೇಕು. ಹಾಗಾಗಿ ಬೋರ್ಡಿನಲ್ಲಿ ಎರಡು ಬೆಲೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಜಾಸ್ತಿ ಇರುವುದು ಕೆಜಿಗೆ, ಕಮ್ಮಿ ಇರುವುದು ಪೌಂಡಿಗೆ.

ತುಂಗಾತೀರದವಳು:
ಅಯ್ಯೋ ದೇವರೇ. ಕಮ್ಮಿ ಬೆಲೆ ನೋಡಿ ಚೆರ್ರಿ ತಗೊಂಡು, ಬಿಲ್ಲು ನೋಡಿ ಮೋಸ ಆಯಿತು ಅಂತ ಎರಡು ದಿನ ಬೈದುಕೊಂಡಿದ್ದೆ. ಈಗ ಅರ್ಥ ಆಯಿತು.

ಇನ್ನೊಂದು ಕೇಳುವುದಿದೆ. "ಫಿಫ್ಟಿ ಪೀ" ಅನ್ನುತ್ತಾರಲ್ಲ, ಅದು ಪೈಸೆನಾ?

ನಾಟಿಂಗ್‌ಹ್ಯಾಮ್ ನಂಜಿ:
ಹೌದು. ಪೆನ್ಸ್ ಅಂತ ಪೂರ್ತಿ ಹೇಳುವವರು ಕಮ್ಮಿ, ಬರೀ "ಪೀ". ಒಂದು ಪೌಂಡಿಗೆ ನೂರು ಪೀ. "ಒನ್ ಸೆವೆಂಟಿಫೈವ್" ಅಂದರೆ ಒಂದೂಮುಕ್ಕಾಲು ಪೌಂಡು, 175 ಅಲ್ಲ. "ಕ್ವಿಡ್" ಅಂದರೂ ಪೌಂಡೇ. ಐದರ ನೋಟು "ಫೈವರ್", ಹತ್ತರದ್ದು "ಟೆನ್ನರ್". "ಟೂ ಫಾರ್ ಅ ಫೈವರ್" ಅಂದರೆ ಎರಡಕ್ಕೆ ಐದು ಪೌಂಡು.

ಹುಬ್ಬಳ್ಳಿ ಹುಡುಗ:
ನಮ್ಮ ಅಜ್ಜಿ ಇವತ್ತಿಗೂ 50 ಪೈಸೆಗೆ ಎಂಟಾಣೆ ಅಂತಾಳ್ರೀ. 1957ರಾಗ ಆಣೆ ಹೋಗಿ ನಯಾ ಪೈಸೆ ಬಂತು, 2011ರಾಗ ನಾಲ್ಕಾಣೆ ನಾಣ್ಯಾನೂ ಹೋತು, ಅಜ್ಜಿ ಬಾಯಾಗಿಂದ ಮಾತ್ರ ಹೋಗಿಲ್ಲ. ಕ್ವಿಡ್ಡು ಫೈವರ್ರು ಅಂದ್ರ ಅದೇ ಲೆಕ್ಕ ಅನ್ರಿ.

ನ್ಯೂಜೆರ್ಸಿ ನಾಣಿ:
ನಮ್ಮಲ್ಲಿ 25 ಸೆಂಟಿಗೆ ಕ್ವಾರ್ಟರ್ ಅನ್ನುತ್ತಾರೆ, ಥೇಟ್ ನಾಲ್ಕಾಣೆ. ಇನ್ನೊಂದು ತಮಾಷೆ: ಹತ್ತು ಸೆಂಟಿನ ಡೈಮ್, ಐದು ಸೆಂಟಿನ ನಿಕಲ್‌ಗಿಂತ ಚಿಕ್ಕದು. ಮೊದಲ ತಿಂಗಳು ದೊಡ್ಡ ನಾಣ್ಯಕ್ಕೆ ದೊಡ್ಡ ಬೆಲೆ ಅಂದುಕೊಂಡು ಓಡಾಡಿದ್ದೆ.

ತುಂಗಾತೀರದವಳು:
ಇಲ್ಲೂ ಅಷ್ಟೇ! ತಾಮ್ರದ ಬಣ್ಣದ ಎರಡು ಪೀ ದೊಡ್ಡದು, ಬೆಳ್ಳಿ ಬಣ್ಣದ ಐದು ಪೀ ಗುಂಡಿಯಷ್ಟು ಚಿಕ್ಕದು. ಅದರ ಮೇಲೆ ಅಂಕಿಯೇ ಕಾಣುವುದಿಲ್ಲ, ಬೆಳಕಿಗೆ ಹಿಡಿದು ಓದಬೇಕು. ನನ್ನ ಹಿಂದೆ ನಿಂತವರು ಉಸಿರು ಬಿಡುವುದು ಕೇಳಿಸುತ್ತದೆ.

ತಕ್ಕಡಿ ತಮ್ಮಯ್ಯ:
2008ರಲ್ಲಿ ಬಂದ ವಿನ್ಯಾಸದಲ್ಲಿ ಅಂಕಿ ಬಿಟ್ಟು ಅಕ್ಷರದಲ್ಲಿ ಮಾತ್ರ ಬರೆದರು. ಒಂದು, ಎರಡು, ಐದು, ಹತ್ತು, ಇಪ್ಪತ್ತು, ಐವತ್ತು ಪೀ ಆರನ್ನೂ ಸರಿಯಾಗಿ ಜೋಡಿಸಿದರೆ ಒಂದು ಗುರಾಣಿಯ ಚಿತ್ರವಾಗುತ್ತದೆ. ಹಾರ್ಲಿಕ್ಸ್ ಬಾಟಲಿ ಸುರಿದು ಮಾಡಿ ನೋಡಿ. ಹೊಸ ರಾಜರ ನಾಣ್ಯಗಳಲ್ಲಿ ಅಂಕಿ ಮತ್ತೆ ದೊಡ್ಡದಾಗಿ ಬಂದಿದೆ.

ಹಣ್ಣಿನಂಗಡಿ ಮಗ:
ನಾನು ಉಲ್ಟಾ ಕತೆ ಹೇಳುತ್ತೇನೆ. ಬೆಂಗಳೂರು ಬನಶಂಕರಿ ಕಡೆ ಅಪ್ಪನ ಹಣ್ಣಿನಂಗಡಿ. ಊರು ಮಾಲೂರು. ಓದಿದ್ದು ನಾಲ್ಕನೇ ಕ್ಲಾಸು. ಬೆಳಗಿನ ಜಾವ ಸಿಂಗೇನ ಅಗ್ರಹಾರದ ಮಂಡಿಗೆ ಹೋಗಿ ಮಾಲು ತರುತ್ತಾರೆ. ಅಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು. ಅಂಗಡಿಗೆ ಬಂದರೆ ಹಿಂದಿ, ಇಂಗ್ಲಿಷ್. ಅಪ್ಪನಿಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಲು ಬರುವುದಿಲ್ಲ, ಆದರೆ "ಸ್ವೀಟ್ ಮೇಡಂ, ಟೇಸ್ಟ್ ಮೇಡಂ, ನೋ ಸ್ವೀಟ್ ನೋ ಮನಿ" ಅಂತ ಅವರು ಹೇಳಿ ಚಾಕುವಿನ ತುದಿಯಲ್ಲಿ ಒಂದು ಹೋಳು ಚಾಚಿದರೆ ತಿನ್ನದೇ ಹೋದವರಿಲ್ಲ.

ಅವರ ಕಷ್ಟ ಬೇರೆ. "ಕೆಜಿ ಎಪ್ಪತ್ತೊಂಬತ್ತು" ಅಂದರೆ ಕನ್ನಡದ ಮನೆಯ ಹುಡುಗರೇ ಕಣ್ಣು ಕಣ್ಣು ಬಿಡುತ್ತಾರೆ. "ಅಂಕಲ್, ಇನ್ ಇಂಗ್ಲಿಷ್?" ಅನ್ನುತ್ತಾರೆ. ಅಪ್ಪ ಸೆವೆಂಟಿ ನೈನ್ ಅನ್ನಬೇಕು. ಅವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಎಲೆಕ್ಟ್ರಾನಿಕ್ ತಕ್ಕಡಿಯ ಮುಖವನ್ನು ಗಿರಾಕಿ ಕಡೆ ತಿರುಗಿಸಿಬಿಡುತ್ತಾರೆ. ಅಂಕಿಗೆ ಭಾಷೆ ಇಲ್ಲ ಅಲ್ವಾ. ಅಕ್ಕಾ, ನೀವೂ ಕಿವಿಯನ್ನು ನಂಬಬೇಡಿ, ತಕ್ಕಡಿ ನೋಡಿ.

ಕನ್ನಡ ಅಂಕಿ ಕರಿಯಪ್ಪ:
ಇದನ್ನೇ ನಾನು ಹೇಳುತ್ತಾ ಬಂದಿರುವುದು! ಲೆಸ್ಟರ್‌ನಲ್ಲಿ ಇಂಗ್ಲಿಷ್ ಕಲಿಯುವವರಿಗೆ ಇಷ್ಟು ಜನ ಪಾಠ ಹೇಳುತ್ತಿದ್ದೀರಿ, ಬನಶಂಕರಿಯಲ್ಲಿ ಎಪ್ಪತ್ತೊಂಬತ್ತು ಕಲಿಸುವವರು ಯಾರು?

ನಾಟಿಂಗ್‌ಹ್ಯಾಮ್ ನಂಜಿ:
ಕರಿಯಪ್ಪನವರೇ, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಬಂದು ಬೈಯುತ್ತೇನೆ. ನಮ್ಮ ಮನೆಯ ಮಕ್ಕಳೂ ಎಪ್ಪತ್ತೊಂಬತ್ತಕ್ಕೆ ಕಣ್ಣು ಬಿಡುವವರೇ.

ಕುಡ್ಲದ ಕುವರಿ:
ಹಣ್ಣಿನ ಹೆಸರಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೇ. ನನಗೆ ಅಬರ್ಡೀನಿನಲ್ಲಿ ಆದದ್ದು ಹೇಳುತ್ತೇನೆ.

ಮೊದಲನೆಯದು ಲಿಂಬೆ. ಶಾಲೆಯಲ್ಲಿ ಲಿಂಬೆ ಅಂದರೆ ಲೆಮನ್ ಅಂತ ಕಲಿತದ್ದಲ್ವಾ. ಇಲ್ಲಿ ಲೆಮನ್ ಕೇಳಿದರೆ ಮುಷ್ಟಿ ಗಾತ್ರದ ದಪ್ಪ ಸಿಪ್ಪೆಯ ಹಳದಿ ಹಣ್ಣು ಕೊಟ್ಟರು. ನಮ್ಮ ಚಿಕ್ಕ ಲಿಂಬೆ ಇಲ್ಲಿ "ಲೈಮ್". ಚಿತ್ರಾನ್ನಕ್ಕೆ ಲೈಮ್ ಕೇಳಿ.

ಎರಡನೆಯದು ಪೇರಳೆ. ನಮ್ಮಲ್ಲಿ ಪೇರಳೆ, ಹುಬ್ಬಳ್ಳಿ ಕಡೆ ಪೇರಲ, ಮೈಸೂರಿನವರ ಸೀಬೆ, ಕೋಲಾರದವರ ಚೇಪೆ ಹಣ್ಣು. ಇಂಗ್ಲಿಷಿನಲ್ಲಿ ಎಲ್ಲವೂ "ಗ್ವಾವ". ಅಂಗಡಿಯಲ್ಲಿ "ಪೇರ್" ಅಂತ ಬರೆದದ್ದು ಕಂಡು ಆಸೆಯಿಂದ ತಂದರೆ ಅದು ಬೇರಿಕಾಯಿ! ಉಪ್ಪು ಖಾರ ಹಚ್ಚಿ ಇಟ್ಟಿದ್ದೆ ಬೇರೆ.

ಬಾಳೆಹಣ್ಣಿಗೆ "ಅ ಬಂಚ್" ಅಂದರೆ ಒಂದು ಚಿಪ್ಪು, ಗೊನೆ ಅಲ್ಲ. ನನ್ನ ಅತ್ತೆ ಬಂಚ್ ಬೇಡ ಬೇಡ, ಅಷ್ಟು ಯಾರು ತಿನ್ನುವುದು ಅಂತ ಕೈ ಆಡಿಸುತ್ತಿದ್ದರು. ದ್ರಾಕ್ಷಿ ಗೊಂಚಲಿಗೂ ಬಂಚೇ.

ಹುಬ್ಬಳ್ಳಿ ಹುಡುಗ:
ಬೇರಿಕಾಯಿಗೆ ಉಪ್ಪುಖಾರ 🤣 ಹೆಂಗಿತ್ರೀ?

ಕುಡ್ಲದ ಕುವರಿ:
ಸುಮಾರಾಗಿತ್ತು. ಬಿಸಾಡಲು ಮನಸ್ಸಾಗದೆ ಪೂರ್ತಿ ತಿಂದೆ.

ಮಲ್ಲೇಶ್ವರದ ಮಾಮಿ:
ಹಣ್ಣು ಅನ್ನುವ ಮಾತಿನಲ್ಲೇ ತೊಡಕಿದೆ ನೋಡಿ. "ಇದು ಹಣ್ಣಾಗಿದೆಯಾ?" ಅಂತ ಕೇಳೋಕೆ ಮಗಳ ಮನೆಯಲ್ಲಿ "ಇಸ್ ದಿಸ್ ಫ್ರೂಟ್?" ಅಂದೆ. ಅಂಗಡಿಯ ಹುಡುಗಿ ಪಾಪ, "ಯೆಸ್, ಇಟ್ಸ್ ಮ್ಯಾಂಗೋ" ಅಂದಳು. ನಮಗೆ ಫ್ರೂಟೂ ಹಣ್ಣೇ, ರೈಪೂ ಹಣ್ಣೇ. ಕಾಯಿ, ದೋರುಗಾಯಿ, ಹಣ್ಣು, ಕಳಿತದ್ದು, ಕೊಳೆತದ್ದು ಅಂತ ಎಷ್ಟು ಹಂತ ನಮ್ಮಲ್ಲಿ! ಇಂಗ್ಲಿಷಿಗೆ "ಇಸ್ ಇಟ್ ರೈಪ್?" ಸಾಕು. ಕಾಯಿಗೆ ಅನ್‌ರೈಪ್, ತೀರಾ ಕಳಿತರೆ ಓವರ್‌ರೈಪ್. ಕೊಳೆತಿದ್ದರೆ "ಇಟ್ಸ್ ಗಾನ್ ಆಫ್". ಇದು ಅಳಿಯ ಹೇಳಿಕೊಟ್ಟದ್ದು. ದೋರುಗಾಯಿಗೆ ಏನನ್ನಬೇಕೋ ಅಳಿಯನಿಗೂ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು:
ಹಾಫ್ ರೈಪ್ ಅನ್ನಬಹುದು. ಆದರೆ ದೋರುಗಾಯಿಯ ಆ ಹುಳಿಸಿಹಿ ಅದರಲ್ಲಿ ಬರುವುದಿಲ್ಲ.

ಈಸ್ಟ್ ಹ್ಯಾಮ್ ಈರಣ್ಣ:
ತುಂಗಾತೀರದವರೇ, ಒಂದು ಎಚ್ಚರಿಕೆ. ಇಲ್ಲಿ ಬೋಗುಣಿಯಲ್ಲಿ ಕೈ ಹಾಕಿ ಹಣ್ಣು ಆರಿಸಬೇಡಿ. ಬೋಗುಣಿ ಪೂರ್ತಿ ಚೀಲಕ್ಕೆ ಸುರಿಯುತ್ತಾನೆ. ಮೇಲೆ ಹೊಳೆಯುವ ಹಣ್ಣು, ಅಡಿಯಲ್ಲಿ ಒಂದೆರಡು ಮೆತ್ತಗಿನದ್ದು. ಅದೂ ಬೆಲೆಯಲ್ಲಿ ಸೇರಿದೆ ಅಂದುಕೊಳ್ಳಿ. ನಾನು ಮೊದಲ ವಾರ ಒಂದೊಂದೇ ಮಾವು ಮೂಸಿ ನೋಡುತ್ತಿದ್ದೆ. ಅಂಗಡಿಯವನು ಹೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಮಲ್ಲೇಶ್ವರದ ಮಾಮಿ:
ಮೂಸದೆ ಮಾವು ತಗೊಳ್ಳೋದಾ? ತೊಟ್ಟಿನ ಹತ್ತಿರ ಮೂಸಿದರೆ ತಾನೇ ಗೊತ್ತಾಗುವುದು? ಹಾಪ್‌ಕಾಮ್ಸ್‌ನಲ್ಲೂ ನಾನು ಮೂಸಿಯೇ ತಗೊಳ್ಳುವುದು.

ತುಂಗಾತೀರದವಳು:
ಹಾಗಿದ್ದರೆ ಚೌಕಾಸಿ? ಊರಲ್ಲಿ ನಾನು ಚೌಕಾಸಿಗೆ ಹೆಸರುವಾಸಿ. ಸೋಮವಾರದ ಸಂತೆಯಲ್ಲಿ ನನ್ನನ್ನು ಕಂಡರೆ ಕೆಲವರು ಮುಖ ತಿರುಗಿಸುತ್ತಿದ್ದರು. ಇಲ್ಲಿ ಒಂದು ಮಾತೂ ಆಡದೆ ದುಡ್ಡು ಕೊಟ್ಟು ಬರುವುದು ಹೊಟ್ಟೆ ಉರಿಯುತ್ತದೆ.

ನಾಟಿಂಗ್‌ಹ್ಯಾಮ್ ನಂಜಿ:
ಸೂಪರ್ ಮಾರ್ಕೆಟ್ಟಿನಲ್ಲಿ ಬೇಡ. ಸಂತೆಯಲ್ಲೂ ಬೆಳಿಗ್ಗೆ ಬೇಡ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಹೋಗಿ. ಎರಡು ಬೋಗುಣಿ ಹಿಡಿದು "ಕ್ಯಾನ್ ಯೂ ಡೂ ದ ಟೂ ಫಾರ್ ಒನ್ ಫಿಫ್ಟಿ?" ಅಂತ ನಗುತ್ತಾ ಕೇಳಿ. ಆಗಲ್ಲ ಅಂದರೆ ಸುಮ್ನೆ ಒಪ್ಪಿಕೊಳ್ಳಿ. ನಾಲ್ಕು ಹೆಜ್ಜೆ ಹೋದ ಹಾಗೆ ಮಾಡಿ ತಿರುಗಿ ನೋಡುವ ನಮ್ಮ ಆಟ ಇಲ್ಲಿ ನಡೆಯಲ್ಲ. ಯಾರೂ ಕರೆಯುವುದಿಲ್ಲ. ನನ್ನ ಅನುಭವ.

ಹಣ್ಣಿನಂಗಡಿ ಮಗ:
ವ್ಯಾಪಾರಿಯ ಮಗನಾಗಿ ಒಂದು ಮಾತು. ಬೋಣಿ ಆಗುವ ಮುಂಚೆ ಬಂದು ಅರ್ಧ ಬೆಲೆಗೆ ಕೇಳುವವರನ್ನು ಕಂಡರೆ ಅಪ್ಪನಿಗೆ ಆಗುವುದಿಲ್ಲ. ಆದರೆ ಬೆಲೆ ಒಪ್ಪಿ, ತೂಗಿದ ಮೇಲೆ "ಒಂದು ಕೊಸರು ಹಾಕಪ್ಪ" ಅಂದವರಿಗೆ ಇಲ್ಲ ಅಂದದ್ದು ನಾನು ನೋಡಿಲ್ಲ. ಒಂದು ಕಿತ್ತಳೆ ತಾನಾಗಿಯೇ ಚೀಲಕ್ಕೆ ಬೀಳುತ್ತದೆ.

ಸುಮ್ನೆ ಓದೋನು:
ಕೊಸರಿಗೆ ಇಂಗ್ಲಿಷಿನಲ್ಲಿ ಏನು?

ನ್ಯೂಜೆರ್ಸಿ ನಾಣಿ:
ಎಕ್ಸ್‌ಟ್ರಾ?

ನಿವೃತ್ತ ಮೇಷ್ಟ್ರು:
ಎಕ್ಸ್‌ಟ್ರಾಗೆ ದುಡ್ಡು ತಗೊಳ್ಳುತ್ತಾರೆ ನಾಣಿ.

ಅಘನಾಶಿನಿ:
ನನಗೆ ಕಂಡದ್ದು ಬೇರೆ. ಹಣ್ಣಿನ ಹೆಸರು, ಬೆಲೆ ಎಲ್ಲ ತಿಂಗಳಲ್ಲಿ ಬರುತ್ತದೆ. ನಮಗೆ ಕೊನೆಯವರೆಗೂ ಬಾರದ್ದು "ಪ್ಲೀಸ್".

ನಾವು "ಒಂದು ಕೆಜಿ ಸೇಬು ಕೊಡಿ" ಅನ್ನುತ್ತೇವೆ. ಕೊಡು ಅಲ್ಲ, ಕೊಡಿ. ಮರ್ಯಾದೆ ಆ "ಇ"ಯಲ್ಲೇ ಕೂತಿದೆ. ಬೇರೆ ಪ್ಲೀಸು ನಮಗೆ ಬೇಕಾಗಿಯೇ ಇಲ್ಲ. ಅದನ್ನೇ ಇಂಗ್ಲಿಷಿಗೆ ತಂದು "ಗಿವ್ ಮೀ ಒನ್ ಕೆಜಿ ಆ್ಯಪಲ್" ಅಂದರೆ ಆ "ಇ" ದಾರಿಯಲ್ಲೇ ಉದುರಿಹೋಗುತ್ತದೆ. ಕೇಳುವವನಿಗೆ "ಕೊಡೋ" ಅಂದ ಹಾಗೆ ಕೇಳಿಸುತ್ತದೆ. ಎರಡು ವರ್ಷ ನಾನು ಹಾಗೇ ಮಾತಾಡಿದ್ದೆ. ಅಂಗಡಿಯವರೆಲ್ಲ ಯಾಕೆ ಮುಖ ಗಂಟು ಹಾಕಿಕೊಳ್ಳುತ್ತಾರೆ, ನಮ್ಮ ಬಣ್ಣ ನೋಡಿಯೇ ಅಂದುಕೊಂಡಿದ್ದೆ. ಕೆಲವರದ್ದು ಅದೂ ಇರಬಹುದು. ಆದರೆ "ಕುಡ್ ಐ ಹ್ಯಾವ್ ಅ ಕಿಲೋ ಆಫ್ ಆ್ಯಪಲ್ಸ್, ಪ್ಲೀಸ್" ಅಂತ ಶುರು ಮಾಡಿದ ಮೇಲೆ ಹೆಚ್ಚಿನವರ ಮುಖ ಬದಲಾಯಿತು.

ಈಸ್ಟ್ ಹ್ಯಾಮ್ ಈರಣ್ಣ:
ಇಷ್ಟುದ್ದ ಹೇಳುವಷ್ಟರಲ್ಲಿ ಹಿಂದಿನವನು ಸೇಬು ತಗೊಂಡು ಹೋಗಿರುತ್ತಾನೆ. "ಟೂ ಬೌಲ್ಸ್ ಪ್ಲೀಸ್" ಸಾಕು.

ಅಘನಾಶಿನಿ:
ಅದರಲ್ಲೂ ಪ್ಲೀಸ್ ಇದೆಯಲ್ಲ! ನಾನು ಹೇಳಿದ್ದೂ ಅದನ್ನೇ.

ನಾಟಿಂಗ್‌ಹ್ಯಾಮ್ ನಂಜಿ:
ಅಘನಾಶಿನಿಯವರ ಮಾತು ಸರಿ. ಒಂದು ಸೇರಿಸುತ್ತೇನೆ. ಅರ್ಥ ಆಗದಿದ್ದಾಗ ನಾವು "ವಾಟ್?" ಅನ್ನುತ್ತೇವೆ. ಅದೂ ಒರಟು. "ಸಾರಿ?" ಅಂತ ರಾಗ ಎಳೆಯಿರಿ. ತಪ್ಪು ಮಾಡಿದ್ದಕ್ಕಲ್ಲ, ಇನ್ನೊಮ್ಮೆ ಹೇಳಿ ಅಂತ. ಈ ಒಂದು ಸಾರಿಯಲ್ಲಿ ನಾನು ಇಲ್ಲಿ ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ.

ನಿವೃತ್ತ ಮೇಷ್ಟ್ರು:
ಕಿವಿಗೆ ಒಂದು ಅಭ್ಯಾಸ ಕೊಡಿ ತಂಗಿ. ಫಿಫ್ಟೀನ್, ಫಿಫ್ಟಿ. ಥರ್ಟೀನ್, ಥರ್ಟಿ. ನಮ್ಮಲ್ಲಿ ಹದಿನೈದು, ಐವತ್ತು ಅಂದರೆ ಒಂದಕ್ಕೊಂದು ಸಂಬಂಧವೇ ಇಲ್ಲ, ಗೊಂದಲ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಕೊನೆಯ "ನ್" ನುಂಗಿಹೋದರೆ ಹದಿನೈದು ಐವತ್ತಾಗುತ್ತದೆ. "ನ್" ಹುಡುಕಬೇಡಿ, ಒತ್ತು ಎಲ್ಲಿ ಬೀಳುತ್ತದೆ ನೋಡಿ. ಹದಿನೈದಕ್ಕೆ ಬಾಲ ಉದ್ದ, "ಫಿಫ್‌ಟೀ..ನ್". ಐವತ್ತಕ್ಕೆ ತಲೆ ಜೋರು, ಬಾಲ ಮೊಟಕು.

ಮಂಡ್ಯದ ಗಂಡು:
ಇಷ್ಟೆಲ್ಲ ಯಾಕೆ? ಸೂಪರ್ ಮಾರ್ಕೆಟ್ಟಿಗೆ ಹೋಗಿ, ಮೆಷಿನ್ ಮುಂದೆ ಹಣ್ಣು ಇಟ್ಟು, ಕಾರ್ಡ್ ಮುಟ್ಟಿಸಿ ಬನ್ನಿ. ಒಂದು ಮಾತೂ ಆಡಬೇಕಿಲ್ಲ.

ಕುಡ್ಲದ ಕುವರಿ:
ಆ ಮೆಷಿನ್ನೇ ಜಾಸ್ತಿ ಮಾತಾಡುವುದು! "ಅನ್‌ಎಕ್ಸ್‌ಪೆಕ್ಟೆಡ್ ಐಟಮ್ ಇನ್ ದ ಬ್ಯಾಗಿಂಗ್ ಏರಿಯಾ" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ನಾನೇನು ಕದ್ದೆನಾ ಅಂತ ಎಲ್ಲರೂ ತಿರುಗಿ ನೋಡುತ್ತಾರೆ.

ನ್ಯೂಜೆರ್ಸಿ ನಾಣಿ:
ಹಣ್ಣಿನ ಮೇಲಿನ ಚಿಕ್ಕ ಸ್ಟಿಕ್ಕರ್ ನೋಡಿ, ನಾಲ್ಕು ಅಂಕಿ ಇರುತ್ತದೆ. ನಮ್ಮಲ್ಲಿ ಮೆಷಿನ್ನಿಗೆ ಅದನ್ನು ಒತ್ತಿದರೆ ಸಾಕು. ಬಾಳೆಹಣ್ಣು 4011. ಮುಂದೆ 9 ಸೇರಿ 94011 ಆದರೆ ಸಾವಯವ. ನನ್ನ ಮೊದಲ ಫೋನ್ ನಂಬರ್ ಮರೆತಿದ್ದೇನೆ, 4011 ಮರೆತಿಲ್ಲ.

ಮಂಡ್ಯದ ಗಂಡು:
ಅದೇ ಮತ್ತೆ. ಮೆಷಿನ್ನೇ ವಾಸಿ.

ಮಲ್ಲೇಶ್ವರದ ಮಾಮಿ:
ಮೆಷಿನ್ನು ಬಾತುಕೋಳಿ ಅನ್ನುತ್ತದಾ? ಐದು ತಿಂಗಳಿಂದ ಪರದೇಶದಲ್ಲಿ ಒಬ್ಬಳೇ ಕೂತ ಹುಡುಗಿ. ಸಂತೆಯಲ್ಲಿ ನಾಲ್ಕು ಜನರ ಹತ್ತಿರ ಮಾತಾಡಲಿ ಬಿಡಿ.

ತಕ್ಕಡಿ ತಮ್ಮಯ್ಯ:
ಅಂದ ಹಾಗೆ ಫುಟ್‌ಬಾಲ್ ಆಟಗಾರ ಗ್ಯಾರಿ ಲಿನೇಕರ್ ಅವರ ಅಪ್ಪನದ್ದು ಲೆಸ್ಟರ್ ಮಾರುಕಟ್ಟೆಯಲ್ಲೇ ಹಣ್ಣು ತರಕಾರಿ ಅಂಗಡಿ ಇತ್ತು. ಸುಮ್ನೆ ಹೇಳಿದೆ.

ಹುಬ್ಬಳ್ಳಿ ಹುಡುಗ:
ಅಲ್ಲಿ ನಮ್ಮ ಮಾವು ಸಿಗ್ತಾವೇನ್ರೀ?

ಈಸ್ಟ್ ಹ್ಯಾಮ್ ಈರಣ್ಣ:
ಏಪ್ರಿಲ್, ಮೇ ಬಂದರೆ ಆಲ್ಫಾನ್ಸೊ ಬಾಕ್ಸ್ ಬರುತ್ತದೆ. ಬೆಲೆ ಬಾಕ್ಸ್ ಲೆಕ್ಕ. "ಹೌ ಮಚ್ ಫಾರ್ ಅ ಬಾಕ್ಸ್" ಅಂತ ಕೇಳಿ, "ಹೌ ಮೆನಿ ಇನ್ ಅ ಬಾಕ್ಸ್" ಅಂತಲೂ ಕೇಳಿ, ಎರಡೂ ಬೇಕು. ಬಾಕ್ಸ್ ಅಷ್ಟೇ ಇದ್ದರೂ ಒಳಗೆ ಹಣ್ಣು ಕಮ್ಮಿ ಮಾಡಿರುತ್ತಾರೆ. 2014ರ ಮೇ ತಿಂಗಳಲ್ಲಿ ಹಣ್ಣುನೊಣ ಸಿಕ್ಕಿತು ಅಂತ ಐರೋಪ್ಯ ಒಕ್ಕೂಟದವರು ಭಾರತದ ಮಾವನ್ನೇ ನಿಲ್ಲಿಸಿದ್ದರು, ಬ್ರಿಟನ್ನೂ ಆಗ ಅದರೊಳಗೇ ಇತ್ತು. ನಿಷೇಧ ತೆಗೆದದ್ದು 2015ರ ಜನವರಿಯಲ್ಲಿ. ಆ ಬೇಸಿಗೆ ಪಾಕಿಸ್ತಾನದ ಚೌಂಸಾ ತಿಂದು ದಿನ ತಳ್ಳಿದೆವು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮಂಡ್ಯದ ಗಂಡು:
ಆಲ್ಫಾನ್ಸೊ ಅಂತೀರಲ್ಲ, ಬಾದಾಮಿ ಅನ್ನಿ. ಆದರೂ ರಸಪುರಿ ಮುಂದೆ ಅದೇನು.

ಮಲ್ಲೇಶ್ವರದ ಮಾಮಿ:
ಮಲಗೋವ.

ಹಣ್ಣಿನಂಗಡಿ ಮಗ:
ಮಾವಿನ ಜಗಳ ಶುರುವಾದರೆ ರಾತ್ರಿಯಾಗುತ್ತದೆ, ದಯವಿಟ್ಟು ಬೇಡ 🙏 ಅಕ್ಕ ಈ ವಾರ ಸಂತೆಗೆ ಹೋದರಾ?

ತುಂಗಾತೀರದವಳು:
ಹೋಗಿದ್ದೆ! ಬರೆಯೋಣ ಅಂತಲೇ ಬಂದೆ.

ಶುಕ್ರವಾರ ರಾತ್ರಿ ಬಾಟಲಿ ಸುರಿದು ನೆಲದ ಮೇಲೆ ಹರಡಿ ಕೂತೆ. ತಮ್ಮಯ್ಯನವರು ಹೇಳಿದ ಗುರಾಣಿ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಆದರೆ ಅಷ್ಟು ಹೊತ್ತಿಗೆ ಯಾವುದು ಯಾವ ನಾಣ್ಯ ಅಂತ ಕೈಗೇ ಗೊತ್ತಾಯಿತು. ಇಪ್ಪತ್ತಕ್ಕೂ ಐವತ್ತಕ್ಕೂ ಏಳು ಮೂಲೆ, ಕಣ್ಣು ಮುಚ್ಚಿಯೂ ಹೇಳಬಲ್ಲೆ. ಯಜಮಾನರು ಅಂಗಡಿಯವನಾಗಿ, ಮಂಚದ ಮೇಲೆ ಈರುಳ್ಳಿ ಆಲೂಗೆಡ್ಡೆ ಹರಡಿಕೊಂಡು "ಪೌಂಡಬೋಲ್" ಕೂಗಿದರು. ಪಕ್ಕದ ಮನೆಯವರು ಏನಂದುಕೊಂಡರೋ.

ಶನಿವಾರ ನೋಟು ತಗೊಂಡು ಹೋಗಲಿಲ್ಲ. ಬರೀ ಚಿಲ್ಲರೆ. ಅದೇ ಅಂಗಡಿ. "ಹಲೋ" ಅಂದೆ. "ಹೌ ಮಚ್ ಆರ್ ದೀಸ್, ಪ್ಲೀಸ್?" ಅಂದೆ, ಮೇಷ್ಟ್ರು ನೆನಪಾದರು. ಅವನು ಏನೋ ಅಂದ, ಅರ್ಥ ಆಗಲಿಲ್ಲ. "ಸಾರಿ?" ಅಂತ ರಾಗ ಎಳೆದೆ. "ಒನ್ ಫಿಫ್ಟಿ, ಮೀ ಡಕ್." ತಲೆ ಜೋರು, ಬಾಲ ಮೊಟಕು. ಐವತ್ತು! ಒಂದು ಪೌಂಡಿನ ನಾಣ್ಯ, ಎರಡು ಇಪ್ಪತ್ತು, ಒಂದು ಹತ್ತು ಎಣಿಸಿ ಅವನ ಅಂಗೈಗೆ ಹಾಕಿದೆ. ಅವನು ನೋಡದೆಯೇ ಸೊಂಟದ ಚೀಲಕ್ಕೆ ಹಾಕಿಕೊಂಡ. ಸರಿಯಾಗಿ ಕೊಟ್ಟಿದ್ದೇನೆ, ಎಣಿಸಿಯಾದರೂ ನೋಡಬಾರದಾ ಅನ್ನಿಸಿತು.

ಧೈರ್ಯ ಬಂದು "ಆರ್ ದೇ ರೈಪ್?" ಅಂತ ಮಾವಿನ ಬಗ್ಗೆಯೂ ಕೇಳಿದೆ. ಅದಕ್ಕೆ ಅವನು ಒಂದು ನಿಮಿಷ ಮಾತಾಡಿದ. ಒಂದಕ್ಷರ ತಿಳಿಯಲಿಲ್ಲ. "ಯೆಸ್ ಯೆಸ್" ಅಂದೆ. ಮನೆಗೆ ತಂದು ಹೆಚ್ಚಿದರೆ ಕಲ್ಲು. ಬಹುಶಃ ನಾಲ್ಕು ದಿನ ಇಡಿ ಅಂದಿದ್ದನೋ ಏನೋ. ಅಪ್ಪೆಹುಳಿ ಮಾಡಿದೆ.

ಹುಬ್ಬಳ್ಳಿ ಹುಡುಗ:
ಭಾರಿ ಆತ್ರಿ ಅಕ್ಕಾರ! 👏

ನಾಟಿಂಗ್‌ಹ್ಯಾಮ್ ನಂಜಿ:
ಈಗ ನೀವೂ ಈ ಕಡೆಯವರಾದಿರಿ, ಮೀ ಡಕ್.

ನ್ಯೂಜೆರ್ಸಿ ನಾಣಿ:
ಅದೆಲ್ಲ ಇರಲಿ, ಆ ಬಾಟಲಿಯಲ್ಲಿ ಎಷ್ಟಿತ್ತು?

ತುಂಗಾತೀರದವಳು:
ಹೌ ಮಚ್ ಕೇಳುತ್ತಿದ್ದೀರೋ, ಹೌ ಮೆನಿ ಕೇಳುತ್ತಿದ್ದೀರೋ?